ಅಂಜಿನವ್ವನ ಬಲಗೈ

“ಬೆರಳಿಲ್ಲದ ಕೈ ಚಿತ್ರದಾಗ ಯಾಕ ತೋರಿಸ್ತೀರಿ, ಮಾಲತೇಶ್ ಮೇಷ್ಟ್ರೇ? ಸೆರಗಿನಾಗ ಮುಚ್ಚಿಬಿಡ್ರಿ,” ಎಂದರು ದಾವಣಗೆರೆಯ ಹತ್ತಿಗಿರಣಿಯ ವ್ಯವಸ್ಥಾಪಕರು. ಹಳೆಯ ಕೆಲಸಗಾರ್ತಿ ಅಂಜಿನವ್ವನ ಎರಡು ಬೆರಳುಗಳನ್ನು ನುಂಗಿದ್ದ ಆ ಗಿರಣಿಗೆ ಈಗ ಸುವರ್ಣೋತ್ಸವದ ಶೋಭೆಗಾಗಿ ಅವಳದೇ ಚಿತ್ರ ಬೇಕಾಗಿತ್ತು. ಮಾಲತೇಶನ ಕುಂಚ ಅರ್ಧದಲ್ಲೇ ನಿಂತಿತು.

“ಮುಚ್ಚಿಬಿಡು ಯಪ್ಪಾ, ನಾನೂ ಇಷ್ಟು ವರ್ಷ ಮುಚ್ಚಿಕೊಂಡೇ ಬಂದೀನಿ,” ಎಂದು ಎದುರು ಕುಳಿತಿದ್ದ ಅಂಜಿನವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ನಕ್ಕಳು.

ಆ ನಗು ಮಾಲತೇಶನನ್ನು ಚುಚ್ಚಿತು. ಕುಂಚವನ್ನು ಕೆಳಗಿಟ್ಟು, ಬೇರೊಂದು ಮೂರ್ತಿಗೆಂದು ಹರಿಹರದ ಹೊಳೆದಂಡೆಯಿಂದ ತಂದಿದ್ದ ಜೇಡಿಮಣ್ಣನ್ನು ಹಲಗೆಯ ಮೇಲೆ ಎತ್ತಿಹಾಕಿದ. “ಚಿತ್ರದಾಗ ಮುಚ್ಚಿ ಮುಚ್ಚಿ ಸಾಕಾತು. ಇನ್ನ ಮೂರ್ತಿ ಮಾಡ್ತೀನಿ. ಮಂದಿ ಸುತ್ತೂ ತಿರುಗಿ ನೋಡ್ತಾರ. ಮುಚ್ಚಾಕ ಮರೆ ಸಿಗಂಗಿಲ್ಲ.”

“ಗಿರಣಿಯವರು ಒಪ್ಪಂಗಿಲ್ರಿ!” ಎಂದು ವ್ಯವಸ್ಥಾಪಕರು ದನಿ ಏರಿಸಿದರು.

“ಅವರು ಒಪ್ಪೋದು ಬ್ಯಾಡ. ಈಯವ್ವ ಒಪ್ಪಿದ್ರ ಸಾಕು.”

ಅಂಜಿನವ್ವ ಸೆರಗಿನಿಂದ ಬಲಗೈಯನ್ನು ಹೊರತೆಗೆದು, ಮಣ್ಣಿನ ಪಕ್ಕದಲ್ಲಿ ಅಂಗೈ ಬಿಚ್ಚಿ ಇಟ್ಟಳು.