ನಾಲ್ಕನೆಯ ಕ್ಷಮಾಪತ್ರ

ನಾಲ್ಕು ಕಾಯಿ ಬಟಾಣಿ ಸುಲಿದು ಒಂದು ಸಾಲು, ಮತ್ತೆ ನಾಲ್ಕು ಕಾಯಿ ಸುಲಿದು ಇನ್ನೊಂದು ಸಾಲು. ಹೀಗೆ ಅಡುಗೆಮನೆಯಲ್ಲಿ ಕೂತು ಅವಳು ಬರೆಯುತ್ತಿದ್ದ ಕಾಗದ ಮೂರನೆಯ ‘ಕ್ಷಮಿಸಿ’ಯವರೆಗೆ ಬಂದಿತ್ತು. ಅವಳು ಕೆಲಸಕ್ಕಿದ್ದ ಲಾಂಡ್ರಿಯಲ್ಲಿ ಗಿರಾಕಿಯೊಬ್ಬರ ಉಣ್ಣೆಯ ಕೋಟು ಬಿಸಿನೀರಿಗೆ ಬಿದ್ದು ಮಗುವಿನ ಅಂಗಿಯಷ್ಟಾಗಿತ್ತು. ಹಾಕಿದವರು ಮಾಲೀಕರು, ಅವಳ ಕೆಲಸ ಕೌಂಟರಿನಲ್ಲಿ ಕೂತು ರಸೀದಿ ಬರೆಯುವುದಷ್ಟೆ. ಆದರೂ ಅವರು, “ತಪ್ಪು ನಂದೇ ಅಂತ ನೀವೇ ಬರೆದುಬಿಡೀಮ್ಮ. ನೀವು ಕ್ಷಮೆ ಕೇಳಿದ್ರೆ ಕಲ್ಲೂ ಕರಗುತ್ತೆ” ಎಂದಿದ್ದರು. ಈ ವರ್ಷ ಇಂಥದ್ದು ನಾಲ್ಕನೆಯ ಕಾಗದ. “ಆ ಹೆಂಗಸಿನ ಕೈಗೆ ಒಳ್ಳೆ ಬಟ್ಟೆ ಕೊಡಬೇಡಿ” ಎಂದು ಕೆಲವು ಗಿರಾಕಿಗಳು ಆಗಲೇ ಗುಸುಗುಟ್ಟತೊಡಗಿದ್ದರು.

ಹೊರಗೆ ಏನೋ ಫಳ್ಳೆಂದು ಒಡೆದ ಸದ್ದಾಯಿತು. ಅವಳು ದಡಕ್ಕನೆ ಎದ್ದಾಗ ಸ್ಟೂಲು ಉರುಳಿತು. “ಅಯ್ಯೋ, ಸಾರಿ!” ಎಂದಳು.

ಅಷ್ಟರಲ್ಲಿ ಚೆಂಡು ಕಂಕುಳಲ್ಲಿಟ್ಟುಕೊಂಡು ಮಗಳು ಒಳಗೆ ನುಗ್ಗಿದಳು. “ಸ್ಟೂಲಿಗೂ ಸಾರಿ ಕೇಳ್ತೀಯಲ್ಲಮ್ಮ! ನಮ್ಮ ಟೀಮಲ್ಲಿ ಒಂದ್ಸಲ ‘ಸಾರಿ’ ಅಂದ್ರೆ ಮೈದಾನಕ್ಕೆ ಒಂದು ಸುತ್ತು ಓಡಿಸ್ತಾರೆ. ನೀನಿದ್ದಿದ್ರೆ ಇಷ್ಟೊತ್ತಿಗೆ ಪಕ್ಕದೂರು ಮುಟ್ತಿದ್ದೆ.”

“ಏನೇ ಒಡೆದೆ?”

“ಪಕ್ಕದ್ಮನೆ ಅಜ್ಜಿ ಹೂವಿನ ಕುಂಡ.”

“ಮೊದಲು ಹೋಗಿ ಕ್ಷಮೆ ಕೇಳು!”

“ಕೇಳಲ್ಲ. ಚೆಂಡು ಬಿಟ್ಟವರು ಬಾಯಿ ಬಿಡಬಾರದು, ಓಡಿಹೋಗಿ ಹಿಡೀಬೇಕು ಅಂತಾರೆ ನಮ್ಮ ಕೋಚ್.” ಮಣ್ಣಿನ ಕೈಯಲ್ಲೇ ಕಪಾಟು ತೆರೆದು, ಅದೇನನ್ನೋ ಎಳೆದುಕೊಂಡು ಅವಳು ಮತ್ತೆ ಮಾಯವಾದಳು.

ತಾಯಿ ಸ್ಟೂಲನ್ನು ಎತ್ತಿ ನಿಲ್ಲಿಸಿ, ಉಳಿದ ಬಟಾಣಿಯನ್ನು ಸುಲಿದು ಮುಗಿಸಿದಳು. ಅವಳು ಬೆಳೆದದ್ದು ಬಾಡಿಗೆ ಮನೆಗಳಲ್ಲಿ. ಮಹಡಿಯ ಮೇಲಿದ್ದ ಮನೆಯೊಡೆಯರ ಬಾಗಿಲು ಕಿರ್ರೆನ್ನುವ ಮೊದಲೇ ‘ತಪ್ಪಾಯ್ತು’ ತಯಾರಿರಬೇಕು ಎಂದು ಅವಳ ಅಮ್ಮ ಕಲಿಸಿದ್ದಳು. ತಗ್ಗಿ ನಡೆದವರಿಗೆ ಸೂರು ತಪ್ಪುವುದಿಲ್ಲ ಎನ್ನುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಇವಳಿಗೆ ಈ ಒರಟುತನ ಮೈದಾನದಿಂದ ಅಂಟಿತೇ? ಮಗಳ ಪಾಲಿನ ಕ್ಷಮೆಯನ್ನು ತಾನೇ ಕೇಳಿಬಿಡೋಣವೆಂದು ಪಕ್ಕದ ಮನೆಗೆ ನಡೆದಳು.

ಅಂಗಳದಲ್ಲಿ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಗುತ್ತಿದ್ದರು. ಅವರೆದುರು, ಹೋದ ತಿಂಗಳು ಮಗಳ ತಂಡ ಗೆದ್ದು ತಂದ ಹೊಳೆಯುವ ಟ್ರೋಫಿ! ಅದರೊಳಗೆ ಹೂಗಿಡ ನೆಟ್ಟಗೆ ನಿಂತಿತ್ತು. ನೆಲದ ಮೇಲೆ ಒಂದು ಚೂರೂ ಇರಲಿಲ್ಲ.

“ನಿನ್ನ ಮಗಳು ತುಟಿ ಪಿಟಕ್ಕೆನ್ನಲಿಲ್ಲ ಕಣಮ್ಮ. ಮಣ್ಣು ಬಾಚಿ, ಗಿಡ ನೆಟ್ಟು, ನೀರು ಹಾಕಿ ಓಡಿದಳು. ಬಾಯಲ್ಲಿ ಸಾರಿ ಅಂದಿದ್ರೆ, ‘ಹೋಗಲಿ ಬಿಡು ಮಗು’ ಅಂತ ನಾನೂ ಅಂದುಬಿಡ್ತಿದ್ದೆ. ಆಮೇಲೆ ಗುಡಿಸೋದು ನನ್ನ ಪಾಲಿಗೇ!”

“ಆದರೂ ಅಜ್ಜಿ, ತಪ್ಪಾಯ್ತು...”

“ನಿಂದೇನು ತಪ್ಪು? ಚೆಂಡು ಎಸೆದದ್ದು ನೀನಾ?”

ಅಜ್ಜಿ ಆಗಲೇ ಟ್ರೋಫಿಯನ್ನು ಬಿಸಿಲಿನ ಕಡೆಗೆ ತಿರುಗಿಸುತ್ತಿದ್ದರು. ಅವಳಿಗೂ ಕಿಸಕ್ಕನೆ ನಗು ಬಂತು.

ಮನೆಗೆ ಬಂದು ಬರೆದಷ್ಟನ್ನೂ ಮತ್ತೊಮ್ಮೆ ಓದಿದಳು. ಮೂರು ‘ಕ್ಷಮಿಸಿ’, ಎರಡು ‘ನನ್ನದೇ ತಪ್ಪು’. ಅವನ್ನು ಹೊಡೆದುಹಾಕಿದರೆ ಹಾಳೆಯಲ್ಲಿ ಉಳಿಯುತ್ತಿದ್ದುದು ಗಿರಾಕಿಯ ವಿಳಾಸ ಮತ್ತು ಕೋಟಿನ ಬಣ್ಣ. ಆ ಹಾಳೆಯನ್ನು ಹರಿದು ಬಟಾಣಿ ಸಿಪ್ಪೆಯ ಜೊತೆ ಬುಟ್ಟಿಗೆ ಹಾಕಿದಳು.

“ಕಾಗದ ಮುಗೀತಾಮ್ಮ?” ಬಚ್ಚಲಿನಿಂದ ಮಗಳು ಕೂಗಿದಳು.

“ಮುಗೀತು. ಉಗುರೊಳಗಿನ ಮಣ್ಣು ತೆಗಿ.”

ನಾಳೆ ಕೆಲಸಕ್ಕೆ ಒಯ್ಯುವ ಚೀಲದಲ್ಲಿ ಒಂದು ಖಾಲಿ ಹಾಳೆಯನ್ನೂ ಚೆನ್ನಾಗಿ ಬರೆಯುವ ಪೆನ್ನನ್ನೂ ಇಟ್ಟಳು. ಎರಡನ್ನೂ ಮಾಲೀಕರ ಮೇಜಿನ ಮೇಲಿಟ್ಟು ತನ್ನ ಕೌಂಟರಿಗೆ ಹೋಗಿ ಕೂರುವುದು, ಅಷ್ಟೆ. ಅಲ್ಲಿ ಕೆಲಸ ಮಾಡಿದ ಆರು ವರ್ಷಗಳಲ್ಲಿ, ಸಹಿಯೊಂದನ್ನು ಬಿಟ್ಟರೆ, ಅವರ ಅಕ್ಷರ ಹೇಗಿದೆಯೆಂದು ಅವಳು ನೋಡಿಯೇ ಇರಲಿಲ್ಲ.