ಭಾನುವಾರದ ರಜೆ

ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ ನಿಂತುಕೊಂಡೇ ಎರಡು ವರ್ಷ ಲೆಕ್ಕ ಬಿಡಿಸಿದವಳು ಅವಳು. ಎಂಬಿಎ ಸೀಟೆಂಬುದು ಅವಳ ಪಾಲಿಗೆ ಏಳು ಸಮುದ್ರದಾಚೆಯ ಗಿಳಿಯಾಗಿತ್ತು.

“ಭಾನುವಾರ ಒಂದು ದಿನ ರಜ ಕೊಡಿ ಸಾರ್. ಪ್ರವೇಶ ಪರೀಕ್ಷೆ ಇದೆ.”

“ಆವತ್ತೇ ನಮಗೂ ಉಸಿರಾಡೋಕೆ ಪುರುಸೊತ್ತಿರಲ್ಲ ಕಣಮ್ಮ. ಇರೋದೇ ನಾಲ್ಕು ಜನ.”

“ಎರಡು ವರ್ಷದಿಂದ ಓದಿದೀನಿ ಸಾರ್.”

“ಓದಿದ್ದು ಎಲ್ಲೂ ಓಡಿಹೋಗಲ್ಲ. ಬರೀಲೇಬೇಕು ಅಂದ್ರೆ ಬರಿ. ಸೋಮವಾರದಿಂದ ಮಾತ್ರ ಈ ಕಡೆ ತಲೆ ಹಾಕಬೇಡ.”

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಬಾಗಿಲೆಳೆದುಕೊಂಡು ಹೊರಬಂದಳು.

ಭಾನುವಾರ ಬೆಳಗ್ಗೆ ಪರೀಕ್ಷೆ ಶುರುವಾಯಿತು. ಕೊರಳಲ್ಲಿ ಮೇಲ್ವಿಚಾರಕಿಯ ಗುರುತುಚೀಟಿ ತೂಗಿಸಿಕೊಂಡು ಅವಳು ಸಾಲು ಸಾಲಾಗಿ ಎಲ್ಲರ ಸಹಿ ಪಡೆಯುತ್ತ ಬಂದಳು. ಖಾಲಿ ಕುರ್ಚಿಯೊಂದರ ಬಳಿ ನಿಂತು, ಹಾಜರಿ ಹಾಳೆಯಲ್ಲಿದ್ದ ತನ್ನದೇ ಫೋಟೋದ ಪಕ್ಕ ‘ಗೈರುಹಾಜರು’ ಎಂದು ಬರೆದಳು.