ಮಾಳಿಗೆಯ ಮೇಲಿನ ಡಿಸ್ಕ್

ಪರದೆ ಮತ್ತೆ ಕಪ್ಪಾಯಿತು. ಬೂಟ್ ಮಾಡಲು ಏನೂ ಸಿಗಲಿಲ್ಲ ಎಂಬ ಅದೇ ಬಿಳಿ ಸಾಲು. ಸುನಂದಾಳ ಎಂಬ್ರಾಯ್ಡರಿ ಮಷೀನಿನ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅದಿದ್ದ ಕಂಪ್ಯೂಟರ್ ಸುಟ್ಟುಹೋದ ಮೇಲೆ ಅವಳು ಹೊಸ ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಮಷೀನ್ ಎಂಬ ಇನ್ನೊಂದು ತೋರಿಕೆಯ ಕಂಪ್ಯೂಟರ್ ಮಾಡಿ, ಅದರಲ್ಲಿ ಹಳೆಯ ವಿಂಡೋಸ್ ಹಾಕಲು ಹೆಣಗುತ್ತಿದ್ದಳು. ಮೊದಲು ಆ ವಿಂಡೋಸ್‌ನ ಡಿಸ್ಕನ್ನೇ ಓದುವಂತೆ ಬೂಟ್ ಕ್ರಮವನ್ನೂ ಬದಲಿಸಿದ್ದಳು. ಇದೂ ಆಗದಿದ್ದರೆ ಎಂಬ್ರಾಯ್ಡರಿ ಮಷೀನನ್ನೇ ಮಾರುವುದೆಂದು ಅತ್ತೆಯ ಮಾತಿಗೆ ಒಪ್ಪಿದ್ದಳು.

"ಅಕ್ಕಾರ, ಮಷೀನ್ ಟೆಂಪೋಕ್ಕ ಏರಸೂನೇನ್ರಿ?" ಅದನ್ನು ಕೊಳ್ಳಲು ಹುನಗುಂದದಿಂದ ಬಂದ ಗಿರಾಕಿ ಪಡಸಾಲೆಯಿಂದ ಕೂಗಿದ.

"ಏರಸ್ರಿ, ಏರಸ್ರಿ. ಮೂಲ್ಯಾಗ ಕುಂತು ಧೂಳ ತಿನ್ನಾಕತ್ತೈತಿ," ಅಂದಳು ಅತ್ತೆ ಗುರುಲಿಂಗವ್ವ.

ಸುನಂದಾ ಡ್ರೈವಿನಿಂದ ಡಿಸ್ಕ್ ತೆಗೆದು ಬೆಳಕಿಗೆ ಹಿಡಿದಳು. ಮೈತುಂಬ ಗೀರು. ನಡುವಿನ ತೂತಿನ ಸುತ್ತ ದಾರ ಉಜ್ಜಿದ ಗುರುತು. "ಅತ್ತಿ, ಇದನ್ನ ಎಲ್ಲ್ಯರ ಕಟ್ಟಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹರವಿದ ಜೋಳಕ್ಕೆ ಗುಬ್ಬಿ ಬರಬಾರದೆಂದು ಹೊಳೆಯುವ ಆ ತಟ್ಟೆಯನ್ನು ಗಳಕ್ಕೆ ಕಟ್ಟಿದವಳು ಗುರುಲಿಂಗವ್ವನೇ. ಗಾಳಿಗೆ ಅದು ದಿನವೆಲ್ಲ ಗೋಡೆಗೆ ಬಡಿಯುತ್ತಿತ್ತು. ಮಳೆ ಬಂದಾಗ ಬಿಚ್ಚಿ ಕಪಾಟಿನಲ್ಲಿಟ್ಟು ಮರೆತಿದ್ದಳು. ಈಗ ಡಿಸ್ಕ್ ಇಸಿದುಕೊಂಡು, ಉಸಿರು ಊದಿ, ಸೆರಗಿನಿಂದ ಒರೆಸಿ ಕೊಟ್ಟಳು. "ಇನ್ನೊಮ್ಮಿ ಹಾಕವಾ."

ಡ್ರೈವ್ ಗಿರ್ರೆಂದು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಹೊರಗೆ ಮಷೀನ್ ಎತ್ತುವ ಸದ್ದು ಕೇಳಿಸಿತು. ಗುರುಲಿಂಗವ್ವ ಪರದೆ ಬೆಳಗುವುದನ್ನು ಕಾಯದೆ ಹೊಸ್ತಿಲಿಗೆ ಓಡಿದಳು.

"ಇಳಸ್ರಿ ಅದನ್ನ! ಡಿಸ್ಕ್ ಕೆಡಿಸಿದಾಕಿ ನಾ, ಮಾರೂದು ಇಕಿ ಮಷೀನೇನ್ರಿ?"